ತಾಳ್ಯದ ಒಂದನೇ ನಂಬರು

5 ಜುಲೈ 1976, ಸೋಮವಾರ. ಹಿರಿಯೂರು

ಹದಿನಾಲ್ಕು ಫಾರಂ. ಹನ್ನೊಂದು ಮಂದಿ ರಕ್ತವನ್ನೂ ಕೊಟ್ಟರು. ಒಬ್ಬ ಸೂಜಿ ನೋಡಿದವನೇ ಚಪ್ಪಲಿ ಬಿಟ್ಟು ಓಡಿದ. ನಾವು ಹೊರಡುವಾಗಲೂ ಚಪ್ಪಲಿ ಹೆಲ್ತ್ ಸೆಂಟರ್ ಬಾಗಿಲಲ್ಲೇ ಇತ್ತು.

ಸರ್ವೆ ಶುರುವಾಗಿ ಮೂರು ವಾರ. ಸಿಫಿಲಿಸ್‌ಗೆ ರಕ್ತ ನೋಡುವುದು, ಜೊತೆಗೆ ಒಂದು ಪ್ರಶ್ನೆ ಕೇಳುವುದು — 'ನಿಮ್ಮ ರಕ್ತದಲ್ಲಿ ದೋಷ ಕಂಡರೆ ಗಂಡನಿಗೆ ಅಥವಾ ಹೆಂಡತಿಗೆ ತಿಳಿಸುವಿರಾ?' ಹೌದು. ಇಲ್ಲ. ಹೇಳಲಾರೆ. ಮೂರು ಚೌಕ. ಹೆಸರಿಲ್ಲ, ನಂಬರು ಮಾತ್ರ. ಆದರೆ ಜಾತಿಗೊಂದು ಕಾಲಂ ಇದೆ. ಯಾವ ಜನ ಹೇಳುತ್ತಾರೆ, ಯಾವ ಜನ ಮುಚ್ಚಿಡುತ್ತಾರೆ ಅಂತ ಕಮಲಮ್ಮ ಡಾಕ್ಟರು ಪಟ್ಟಿ ಮಾಡಬೇಕಂತೆ. ಆರು ವರ್ಷ ಲ್ಯಾಬ್‌ನಲ್ಲಿ ಗಾಜಿನ ಸ್ಲೈಡು ನೋಡಿಕೊಂಡಿದ್ದ ನನ್ನನ್ನು ಜೀಪಿಗೆ ಹತ್ತಿಸಿದರು. ಮೊದಮೊದಲು ಗೊಣಗಿದೆ. ಈಗ ಬಿಡು ಅಂದರೂ ಬಿಡಲಾರೆ. ಜನರ ಬಾಯಿಂದ ಏನೇನು ಬರುತ್ತದೆ!

ಇವತ್ತು ಒಂದು ಕೇರಿಗೆ ಹೋದರೆ, "ನಮ್ಮ ಜನದಾಗೆ ಅಂಥಾದ್ದು ಇಲ್ಲ ಸಾರ್, ಆ ಕಡೆ ಕೇರಿಯಾಗೆ ಕೇಳ್ರಿ" ಅಂದರು. ಆ ಕಡೆಯವರು ಮಸೀದಿ ಬೀದಿ ತೋರಿಸಿದರು. ಮಸೀದಿ ಬೀದಿಯವರು ಪೇಟೆ ತೋರಿಸಿದರು. ಪೇಟೆಯವರು ಮೊದಲನೆಯ ಕೇರಿಯನ್ನೇ ತೋರಿಸಿದರು. ಬಿಸಿಲಲ್ಲಿ ಊರಿಗೆ ಒಂದು ಪ್ರದಕ್ಷಿಣೆ. ಜೀಪಿನ ಡ್ರೈವರ್ ಉಗ್ರಪ್ಪ ನಕ್ಕಿದ್ದೇ ನಕ್ಕಿದ್ದು.

9 ಜುಲೈ, ಶುಕ್ರವಾರ. ಹೊಸದುರ್ಗ

ಫಾರಂನಲ್ಲಿ ಒಂದು ಕಾಲಂ ಕಡಿಮೆ. ತಿಳಿಸುವಿರಾ ಅಂತ ಇದೆ, ಯಾರ ಬಾಯಿಂದ ತಿಳಿಸುವಿರಿ ಅಂತ ಇಲ್ಲ. ನಾನೇ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಿದ್ದೇನೆ. ಮಜಾ ಇರುವುದೇ ಅಲ್ಲಿ.

ನೇಕಾರರ ಹೆಂಗಸು — ನಾದಿನಿಯ ಕಿವಿಗೆ ಹಾಕುತ್ತೇನೆ, ಅವಳು ಅವಳ ಅಣ್ಣನಿಗೆ ಹೇಳಲಿ. ಬೀಡಿ ಅಂಗಡಿಯ ಸಾಹೇಬರು — ಅಮ್ಮೀಜಾನ್ ಕಡೆಯಿಂದ ಹೇಳಿಸಬೇಕು, ನಾನು ಹೇಳಿದರೆ ಜಗಳ. ಪೇಟೆಯ ತೆಂಗಿನಕಾಯಿ ವ್ಯಾಪಾರಿ — "ಹೇಳಾದೇನ್ರಿ? ಟಾನಿಕ್ ಅಂತ ಇಬ್ರೂ ಕುಡಿದ್ರಾತು." ನಮ್ಮದೇ ಜನದ ಗಾರೆ ಕೆಲಸದವನೊಬ್ಬ — ಅತ್ತೆಯ ಮುಂದೆ ಹೇಳಿ ಒದೆ ತಿಂದರೆ ಹೆಂಡತಿಗೆ ತಾನೇ ಗೊತ್ತಾಗುತ್ತದೆ. ಗಂಡ ಹೆಂಡತಿ ಎದುರುಬದುರು ಕೂತು ಹೇಳುವುದು ಅಂತ ಒಬ್ಬರೂ ಅನ್ನಲಿಲ್ಲ. ಚೌಕದಲ್ಲಿ ಮಾತ್ರ ಎಲ್ಲರದೂ 'ಹೌದು'.

ಡಾಕ್ಟರಿಗೆ ನನ್ನ ಪೆನ್ಸಿಲ್ ಕಾಲಂ ತೋರಿಸಿದೆ. "ಇದು ಪಟ್ಟಿಗೆ ಬರೋಲ್ಲ ಸಣ್ಣಪ್ಪ" ಅಂದರು. ಆದರೂ ಎಲ್ಲ ಓದಿದರು, ಟಾನಿಕ್ಕಿನದನ್ನು ಎರಡು ಸಲ ಓದಿದರು.

13 ಜುಲೈ, ಮಂಗಳವಾರ. ಭರಮಸಾಗರ

ಕೆಟ್ಟ ದಿನ.

ದೋಷ ಕಂಡವರ ಕೈಗೆ ನಾವು ಒಂದು ಗುಲಾಬಿ ಚೀಟಿ ಕೊಡುತ್ತೇವೆ. ಅದನ್ನು ಅವರೇ ಒಯ್ದು ಗಂಡನಿಗೋ ಹೆಂಡತಿಗೋ ಕೊಟ್ಟು, ಪರೀಕ್ಷೆಗೆ ಕರೆತರಬೇಕು. ನಾವು ಹೋಗಿ ಹೇಳುವಂತಿಲ್ಲ. ಡಾಕ್ಟರ ಕಟ್ಟಪ್ಪಣೆ. "ಗುಟ್ಟು ಅವರದು, ನಮ್ಮದಲ್ಲ. ನಾವು ಬಾಯಿ ಬಿಟ್ಟರೆ ನಾಳೆ ಒಬ್ಬರೂ ಹತ್ತಿರ ಬರೋಲ್ಲ."

ಇವತ್ತು ಆ ಚೀಟಿ ಹಿಡಿದುಕೊಂಡು ಒಬ್ಬ ಹೆಂಗಸು ಸಂತೆಯಲ್ಲಿ ಗಂಡನನ್ನು ಹುಡುಕಿದಳು. ಗಂಡನ ಹೆಸರು ಹೇಳಳು. "ನಮ್ಮೋರು... ಈರುಳ್ಳಿ ಕಡೆ ಇರ್ತಾರೆ... ನೋಡಿದ್ರೇನು?" ಯಾರೋ ಕೈಯಲ್ಲಿದ್ದ ಚೀಟಿ ಕಂಡು "ಆಪರೇಷನ್ ಚೀಟಿ!" ಅಂದರು. ಮುಗಿಯಿತು. ಈ ವರ್ಷ ಊರೂರಲ್ಲೂ ಅದೇ ಭಯ — ಗಂಡಸರನ್ನು ಹಿಡಿದು ಫ್ಯಾಮಿಲಿ ಪ್ಲ್ಯಾನಿಂಗ್ ಕ್ಯಾಂಪಿಗೆ ಒಯ್ಯುತ್ತಾರೆ ಅಂತ. ಆ ಕ್ಯಾಂಪಿನ ಚೀಟಿಯೂ ಗುಲಾಬಿಯೇ. ಹತ್ತು ನಿಮಿಷದಲ್ಲಿ ಸಂತೆಯಲ್ಲಿ ಮೀಸೆ ಇರುವವರು ಒಬ್ಬರೂ ಉಳಿಯಲಿಲ್ಲ. ಕೆರೆ ಏರಿಯ ಮೇಲೆ ಸಾಲುಹಿಡಿದು ಓಟ... ಒಬ್ಬ ತಕ್ಕಡಿ ಸಮೇತ. ನನಗೂ ಉಗ್ರಪ್ಪನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಆ ಹೆಂಗಸು ಖಾಲಿ ಸಂತೆಯ ನಡುವೆ ಚೀಟಿ ಹಿಡಿದು ನಿಂತಿದ್ದು ಕಂಡು ನಗು ನಿಂತಿತು.

ಚೀಟಿಯ ಬಣ್ಣ ಬದಲಿಸಿ ಅಂತ ಡಾಕ್ಟರು ಮೇಲಿನವರಿಗೆ ಬರೆಯುತ್ತಾರಂತೆ.

17 ಜುಲೈ, ಶನಿವಾರ. ತಾಳ್ಯ

ತಾಳ್ಯದಲ್ಲಿ ಚಿಂತೆಯಿಲ್ಲ. ಅಕ್ಕನ ಊರು. ಭಾವ ಪಾಪಣ್ಣ ಮೇಷ್ಟ್ರು ಅಲ್ಲಿಯ ಸ್ಕೂಲಿನ ಹೆಡ್ಮಾಸ್ಟರು. ನಮ್ಮ ಕೇರಿಗೆ ಹೊಸ ಮೇಷ್ಟ್ರಾಗಿ ಬಂದಾಗ ನನಗೆ ಅ ಆ ತಿದ್ದಿಸಿದವರು ಇವರು. ಲ್ಯಾಬ್ ಟ್ರೇನಿಂಗಿಗೆ ಅರ್ಜಿ ಬರೆದುಕೊಟ್ಟು, ಕೈಹಿಡಿದು ಕರೆದುಕೊಂಡು ಹೋಗಿ ಸೇರಿಸಿದವರೂ ಇವರೇ. ನನ್ನ ಕಣ್ಣಿಗೆ ಇವರಿಗಿಂತ ದೊಡ್ಡವರಿಲ್ಲ.

ಸ್ಕೂಲ್ ವರಾಂಡದಲ್ಲಿ ಮೂವತ್ತು ಗಂಡಸರು. ಒಬ್ಬರೂ ಮುಂದೆ ಬರರು. ಭಾವ ಅಂಗಿಯ ತೋಳು ಮಡಿಸಿ ಬೆಂಚಿನ ಮೇಲೆ ಕೂತೇಬಿಟ್ಟರು. "ನೋಡ್ರಪ್ಪ, ಇರುವೆ ಕಚ್ಚಿದಂಗೆ ಅಷ್ಟೆ. ತಗಳೋ ಸಣ್ಣ, ನಂದೇ ಮೊದ್ಲು." ಕ್ಯಾಂಪಿನ ಒಂದನೇ ನಂಬರು ಅವರದು. ಫಾರಂ ಕೂಡ ತಾವೇ ತುಂಬಿದರು, ಆ ಮುತ್ತಿನಂಥ ಅಕ್ಷರದಲ್ಲಿ. 'ತಿಳಿಸುವಿರಾ?' ಚೌಕಕ್ಕೆ ಗುರುತು ಹಾಕಿದ್ದು ಸಾಲದೆ ಪಕ್ಕದಲ್ಲಿ ಬರೆದರು: 'ಹೌದು. ಕೂಡಲೇ.' ಎಲ್ಲರಿಗೂ ಕೇಳುವಂತೆ ಓದಿದರು. ಇಪ್ಪತ್ತಾರು ಜನ ಕೈ ಕೊಟ್ಟರು.

ಊಟ ಅಕ್ಕನ ಮನೆಯಲ್ಲಿ. ಉಚ್ಚಂಗಕ್ಕ ಐದು ತಿಂಗಳ ಬಸುರಿ. ಮಗಳು ಓಬವ್ವನಿಗೆ ಒಂಬತ್ತು ವರ್ಷ. ಅವಳಾದ ಮೇಲೆ ಎರಡು ಹೋದವು, ಎರಡೂ ಎಂಟನೇ ತಿಂಗಳಲ್ಲಿ, ಹೊಟ್ಟೆಯೊಳಗೇ. ಅದಕ್ಕೇ ಈ ಸಲ ಯಾರ ಕಣ್ಣೂ ಬೀಳದಂತೆ ಸೆರಗು ಹೊದ್ದು ಓಡಾಡುತ್ತಾಳೆ. "ಲೇ ಸಣ್ಣ, ನಂದೂ ತಗಳೋ" ಅಂತ ಕೈ ಚಾಚಿದಳು. "ಬಸುರಿಗೆ ಸೂಜಿ ಯಾಕೆ, ಬಿಡು" ಅಂದರು ಭಾವ. ಗಂಡಸರ ಕ್ಯಾಂಪು ಅಂತ ನಾನೂ ಬಿಟ್ಟೆ. ಮುದ್ದೆ, ಹುರುಳಿಕಾಳು ಸಾರು, ಜೊತೆಗೆ ಅವಳ ಮಾತು. ಹೊಟ್ಟೆ ಬಿರಿಯುವಷ್ಟು ತಿಂದೆ.

20 ಜುಲೈ, ಮಂಗಳವಾರ. ಚಿತ್ರದುರ್ಗ, ಲ್ಯಾಬ್. ಬೆಳಿಗ್ಗೆ 11

ತಾಳ್ಯದ ಒಂದನೇ ನಂಬರು ರಿಯಾಕ್ಟಿವ್.

ಅದೇ ದಿನ, ಮಧ್ಯಾಹ್ನ 3

ಮೂರು ಸಲ ಮಾಡಿದೆ. ಹೊಸ ಸ್ಲೈಡು, ಹೊಸದಾಗಿ ಕಲಸಿದ ಔಷಧಿ. ನಾಲ್ಕು ನಿಮಿಷ ಅಲ್ಲಾಡಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಒಳ್ಳೆಯ ರಕ್ತ ಸಮವಾಗಿ ಕದಡಿರುತ್ತದೆ. ಇದು ಗಂಟುಗಂಟು, ಕೈಯಾಡಿಸದೆ ಬಿಟ್ಟ ಅಂಬಲಿಯ ಹಾಗೆ. ಮೂರು ಸಲವೂ ಹಾಗೇ, ದೋಷದ ರಕ್ತ.

ಎರಡು ಮಕ್ಕಳು ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗೇ ಹೋದವು ಅಂದರೆ ಮೊದಲು ಏನು ನೋಡಬೇಕು ಅಂತ ಪುಸ್ತಕದಲ್ಲಿ ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇನೆ. ಅಕ್ಕನ ಮನೆಗೆ ಅದನ್ನು ಹೊಂದಿಸಿ ನೋಡಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ. ನಮ್ಮ ಜನದಾಗೆ ಅಂಥಾದ್ದು ಇಲ್ಲ ಸಾರ್... ನಾನೂ ಹಾಗೆಯೇ ಅಂದುಕೊಂಡಿದ್ದೆ.

22 ಜುಲೈ, ಗುರುವಾರ. ಹೊಳಲ್ಕೆರೆ

ಭಾವ ಮೀಟಿಂಗಿಗೆ ಬಂದಿದ್ದರು. ಬಸ್‌ಸ್ಟ್ಯಾಂಡ್ ಹೋಟೆಲಿನ ಮೂಲೆ ಟೇಬಲ್. ಹೇಳಿದೆ. ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

"ಟ್ರೇನಿಂಗಿನ ಟೈಮು" ಅಂದರು. ಅರವತ್ತೆಂಟರಲ್ಲಿ ಹೊರ ಊರಿನಲ್ಲಿ ಎಂಟು ತಿಂಗಳು ಟ್ರೇನಿಂಗ್ ಇತ್ತು. ಓಬವ್ವ ಆಗ ಕೈಗೂಸು. ಅಷ್ಟೇ ಹೇಳಿದ್ದು. ಊರೆಲ್ಲ ಸುತ್ತಿ ಪ್ರಶ್ನೆ ಕೇಳುವ ನಾನು ಅಲ್ಲಿ ಒಂದನ್ನೂ ಕೇಳಲಿಲ್ಲ.

"ನಿಮ್ಮಕ್ಕಂಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬ್ಯಾಡ ಕಣೋ. ಎಂಟು ದಿನ ಟೈಮ್ ಕೊಡು."

"ಭಾವ, ಹೊಟ್ಟೆಯಾಗಿರೋ ಮಗೀಗೂ ಹೋಗ್ತೈತೆ ಇದು. ಬೇಗ ಇಂಜೆಕ್ಷನ್ ಆದ್ರೆ ಉಳೀತೈತೆ. ತಡ ಆದಷ್ಟೂ..."

"ಗೊತ್ತಾತು ಅಂದೆನಲ್ಲ."

ಗುಲಾಬಿ ಚೀಟಿ ಕೊಟ್ಟೆ. ನಾಲ್ಕು ಮಡಿಕೆ ಮಡಿಸಿ ಜೇಬಿನಲ್ಲಿ, ಪೆನ್ನಿನ ಹಿಂದೆ ಇಟ್ಟುಕೊಂಡರು. ತಾವು ಮಾತ್ರ ದಾವಣಗೆರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರಂತೆ. ಇಲ್ಲಿ ಗುರುತಿನವರು ಜಾಸ್ತಿ.

27 ಜುಲೈ, ಮಂಗಳವಾರ

ನಿನ್ನೆ ಭೀಮನ ಅಮಾವಾಸ್ಯೆ. ಅಕ್ಕ ಮೇಷ್ಟ್ರ ಹೆಂಡತಿಯಾದ ಮೇಲೆ ಅಕ್ಕಪಕ್ಕದವರಿಂದ ಕಲಿತ ಹಬ್ಬ. ಸಂಜೆ ಅವರ ಮನೆಗೆ ಹೋಗಿದ್ದೆ. ಗಂಡನ ಕಾಲು ತೊಳೆದು, ಅರಿಶಿನ ಕುಂಕುಮ ಇಟ್ಟು ನಮಸ್ಕಾರ ಮಾಡಿದಳು. ಏಳುವಾಗ ಸೊಂಟ ಹಿಡಿದುಕೊಂಡು ನಕ್ಕಳು. ಭಾವ ಗೋಡೆ ನೋಡುತ್ತಾ ಕೂತಿದ್ದರು. ಚೀಟಿ ಜೇಬಿನಲ್ಲೇ ಇತ್ತು. ಗುಲಾಬಿ ಅಂಚು ಕಾಣುತ್ತಿತ್ತು.

ಎಂಟು ದಿನಕ್ಕೆ ಇನ್ನೂ ಮೂರಿದೆ ಅಂತ ನನಗೆ ನಾನೇ ಹೇಳಿಕೊಂಡು ಬಸ್ ಹತ್ತಿದೆ.

4 ಆಗಸ್ಟ್, ಬುಧವಾರ. ಹಿರಿಯೂರಿನ ಆಚೆ, ಕುರಿಗಾರರ ಹಟ್ಟಿ

ಇಂಥ ದಿನ ಸರ್ವೆಯಲ್ಲೇ ಇಲ್ಲ. ಮರೆಯುವ ಮುಂಚೆ ಎಲ್ಲ ಬರೆದಿಡಬೇಕು.

ಈ ಹಟ್ಟಿಯ ಪಾಲಮ್ಮ ಅನ್ನುವ ಬಸುರಿ ಹೆಂಗಸಿನ ರಕ್ತ ಹೋದ ವಾರ ರಿಯಾಕ್ಟಿವ್ ಬಂದಿತ್ತು. ಎಂಟು ತಿಂಗಳು ತುಂಬುತ್ತಿದೆ. ಮೊದಲ ಇಂಜೆಕ್ಷನ್ ಹಿರಿಯೂರಲ್ಲೇ ಆಯಿತು. ಗಂಡ ಕಾಟಲಿಂಗಪ್ಪ ಕುರಿಯ ಜೊತೆ ಎಲ್ಲೋ ದೂರ. ಪಾಲಮ್ಮ ಚೀಟಿಯನ್ನು ಅತ್ತೆ ಹುಚ್ಚಕ್ಕನ ಕೈಗೆ ಕೊಟ್ಟಳಂತೆ. ಹುಚ್ಚಕ್ಕನೇ ಹಟ್ಟಿಗೆ ಹಿರಿಯಳು. ಚೀಟಿ ಹೋಯಿತು, ಇನ್ನು ಮೇಲೆ ಜಗಳ, ಪಂಚಾಯ್ತಿ, ಅಂದುಕೊಂಡೇ ಹೋದೆವು.

ಹೋಗಿ ನೋಡಿದರೆ ಹಟ್ಟಿಯ ಮುಂದಿನ ಬಯಲಲ್ಲಿ ಗಂಡಸರು, ಹೆಂಗಸರು, ಮುದುಕರು ಎಲ್ಲ ಕಂಬಳಿ ಹಾಸಿ ಕೂತಿದ್ದಾರೆ. ಹುಚ್ಚಕ್ಕ ಆಳು ಕಳಿಸಿ ಮಂದೆಯನ್ನೂ ವಾಪಸ್ ಕರೆಸಿದ್ದಾಳೆ. ಕಾಟಲಿಂಗಪ್ಪನೂ ಬಂದಿದ್ದಾನೆ. ಚೀಟಿ ಹುಚ್ಚಕ್ಕನ ಸೆರಗಿನ ಗಂಟಿನಲ್ಲಿ. ಯಾರದು ಅಂತ ಅವಳು ಹೇಳಿಲ್ಲ, ಯಾರೂ ಕೇಳಿಲ್ಲ.

"ಬರ್ರವ್ವ, ಕುಂತ್ಕಳ್ರಿ" ಅಂತ ಡಾಕ್ಟರಿಗೆ ಕಂಬಳಿ ಕೊಟ್ಟಳು. "ಎಲ್ಲಾರ್ದೂ ತಗಳ್ರಿ ರಕ್ತ."

"ಎಲ್ಲರದೂ ಬೇಡಮ್ಮ. ಚೀಟಿ ಯಾರಿಗೆ ಸಂಬಂಧಿಸಿದ್ದೋ..."

"ಒಂದು ಕುರಿ ಕೆಮ್ಮಿದ್ರೆ ನಾವು ಬಿದಿರು ಗೊಟ್ಟ ಹಿಡ್ಕಂಡು ಮಂದೆಗೆಲ್ಲ ಮದ್ದು ಕುಡಿಸ್ತೀವಿ ಕಣ್ರವ್ವ. ಯಾವ ಕುರಿ ತಂತು ಅಂತ ಹುಡುಕ್ತಾ ಕುಂತ್ರೆ ಅಷ್ಟೊತ್ತಿಗೆ ಮಂದೆ ಉಳಿದಿರ್ತೈತಾ?"

ಡಾಕ್ಟರು ಸಿರಿಂಜಿನ ಪೆಟ್ಟಿಗೆ ತೆರೆದರು. ನನಗೆ ರೋಮಾಂಚನವಾಯಿತು. ಐವತ್ತೆಂಟು ಜನ ಸಾಲಾಗಿ ಬಂದರು. ಕೊನೆಗೆ ಹುಚ್ಚಕ್ಕ ನಮ್ಮ ಕಡೆ ತಿರುಗಿದಳು. "ನೀವೂ ನಮ್ಮ ಹಟ್ಟಿಯಾಗೆ ಉಂಡೀರಿ ತಾನೆ? ನೀವೂ ಕೊಡ್ರಿ." ಡಾಕ್ಟರು ನಕ್ಕು ತೋಳು ಮಡಿಸಿದರು. ನಾನೂ ಕೊಟ್ಟೆ. ಉಗ್ರಪ್ಪ ಜೀಪಿನ ಹಿಂದೆ ಅಡಗಿದ್ದ. ನಾಲ್ಕು ಜನ ಎತ್ತಿಕೊಂಡು ಬಂದರು.

ವಾಪಸ್ ಬರುವಾಗ ಡಾಕ್ಟರು ಅಂದರು, "ಫಾರಂನಲ್ಲಿ ಇವರದನ್ನ ಯಾವ ಚೌಕಕ್ಕೆ ಹಾಕೋದು? ಇವರು ಹೇಳಿದ ಹಾಗೂ ಆಗಲಿಲ್ಲ, ಮುಚ್ಚಿಟ್ಟ ಹಾಗೂ ಆಗಲಿಲ್ಲ." ಮೂರೂ ಚೌಕ ಖಾಲಿ ಬಿಟ್ಟೆ.

6 ಆಗಸ್ಟ್, ಶುಕ್ರವಾರ. ಲ್ಯಾಬ್

ಹಟ್ಟಿಯ ಐವತ್ತೆಂಟರಲ್ಲಿ ಐದು. ಇಂಜೆಕ್ಷನ್‌ಗೆ ಐದಕ್ಕೆ ಐದೂ ಬರುತ್ತಾರಂತೆ, ಕಾಟಲಿಂಗಪ್ಪನೂ. ನನ್ನದು, ಡಾಕ್ಟರದು, ಉಗ್ರಪ್ಪನದು ಸರಿಯಿದೆ. ಉಗ್ರಪ್ಪ ಎಲ್ಲರಿಗೂ ಟೀ ಕುಡಿಸಿದ.

ರಿಜಿಸ್ಟರ್ ನೋಡುತ್ತಾ ಡಾಕ್ಟರು ಕೇಳಿದರು. "ತಾಳ್ಯದ ಒಂದನೇ ನಂಬರಿನ ಹೆಂಡತಿ ಬಂದರಾ?"

"ಇಲ್ಲ ಮೇಡಂ. ತವರಿಗೆ ಹೋಗಿದ್ದಾರಂತೆ."

ತಾಳ್ಯದ ಕ್ಯಾಂಪಿಗೆ ಡಾಕ್ಟರು ಬಂದಿರಲಿಲ್ಲ, ಅದು ಯಾರು ಅಂತ ಅವರಿಗೆ ಗೊತ್ತಿಲ್ಲ. ಅಕ್ಕನ ತವರು ಅಂದರೆ ಅವ್ವ ಮತ್ತು ನಾನು ಇರುವ ಎರಡು ಅಂಕಣದ ಮನೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

28 ಆಗಸ್ಟ್, ಶನಿವಾರ

ಇಪ್ಪತ್ತೆರಡು ದಿನ ಬರೆದಿಲ್ಲ. ಬರೆಯಲು ಕೂತರೆ ಒಂದೇ ವಿಷಯ ಬರಬೇಕು, ಅದು ಬೇಡವಾಗಿತ್ತು.

ಎರಡು ಸಲ ತಾಳ್ಯಕ್ಕೆ ಹೋದೆ. ಮೊದಲನೆಯ ಸಲ ಭಾವ, "ಶ್ರಾವಣ ಕಳೀಲಿ" ಅಂದರು. ಎರಡನೆಯ ಸಲ, "ಹೆರಿಗೆ ಆಗ್ಲಿ. ಈಗ ಹೇಳಿದ್ರೆ ಅವಳು ಎದೆ ಒಡಕಂತಾಳೆ. ಊರಾಗೆ ನನ್ನ ಮೇಷ್ಟ್ರು ಅಂತ ಕರೀತಾರೆ ಕಣೋ... ಮನೆಯಾಗೆ ಅವಳೂ ಹಂಗೇ ಕರೆಯೋದು." ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಅಕ್ಕ ಬಟ್ಟೆ ಒಗೆದು ಬಂದು ಟೀ ಕೊಟ್ಟಳು. ಕುಡಿದು ಬಂದೆ.

ಇವತ್ತು ಸರ್ವೆಯ ಲೆಕ್ಕ ಹಾಕಿದೆ. ಜಾತಿಯ ಕಾಲಂ ಪ್ರಕಾರ ಜೋಡಿಸಿ, ತಿರುಗಿಸಿ, ಮತ್ತೆ ಜೋಡಿಸಿದೆ. ನೂರಕ್ಕೆ ಎಪ್ಪತ್ತು, ಅರವತ್ತೊಂಬತ್ತು, ಎಪ್ಪತ್ತೆರಡು 'ಹೌದು'. ಯಾವ ಜನವಾದರೂ ಅಷ್ಟೇ. ಹಿರಿಯೂರಿನ ನಾಲ್ಕು ಕೇರಿಗೂ ಹೆಚ್ಚುಕಡಿಮೆ ಒಂದೇ ಉತ್ತರ. ಒಬ್ಬರಿಗೊಬ್ಬರು ಬೆರಳು ತೋರಿಸಿದ್ದೇ ಬಂತು. ಆದರೆ ಚೀಟಿಯ ರಿಜಿಸ್ಟರ್ ಬೇರೆ ಹೇಳುತ್ತದೆ. ಚೀಟಿ ಕೊಟ್ಟದ್ದು ನಲವತ್ತೊಂದು, ಅದು ಹಿಡಿದು ಬಂದವರು ಒಂಬತ್ತು. ಬಂದ ಒಂಬತ್ತರಲ್ಲೂ ಯಾರೋ ಮೂರನೆಯವರು ಕೈ ಹಿಡಿದು ತಂದದ್ದೇ ಹೆಚ್ಚು. ಅತ್ತೆ, ನಾದಿನಿ, ಅಮ್ಮೀಜಾನ್.

ಓದಿದವರು, ಸರ್ಕಾರಿ ಕೆಲಸದವರು ಅಂತ ಇನ್ನೊಂದು ಪಟ್ಟಿ ಮಾಡಿದೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ 'ಹೌದು'. ಅವರಿಗೆ ಕೊಟ್ಟ ಚೀಟಿ ನಾಲ್ಕು. ಬಂದವರು ಯಾರೂ ಇಲ್ಲ.

31 ಆಗಸ್ಟ್, ಮಂಗಳವಾರ

ಪಾಲಮ್ಮನಿಗೆ ಗಂಡು ಮಗು. ಮೊನ್ನೆ ಆಯಿತಂತೆ. ಅಳುತ್ತದೆ, ಹಾಲು ಕುಡಿಯುತ್ತದೆ. ಕಾಟಲಿಂಗಪ್ಪನೇ ಬಂದು ಡಾಕ್ಟರಿಗೆ ಒಂದು ಕಂಬಳಿ ಕೊಟ್ಟು ಹೋದ. ನನಗೂ ಕೈ ಮುಗಿದ.

ನಾಳೆ ತಾಳ್ಯಕ್ಕೆ ಹೋಗಬೇಕು. ರಜೆ ಹಾಕಿ.

1 ಸೆಪ್ಟೆಂಬರ್, ಬುಧವಾರ. ತಾಳ್ಯದಿಂದ ಬಂದು, ಸಂಜೆ 6

ಹೇಳಲಿಲ್ಲ. ಹೇಳದೆಯೂ ಬರಲಿಲ್ಲ.

ಸ್ಕೂಲ್ ಬಿಟ್ಟಿತ್ತು. ಭಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುಮ್ಮನೆ ಹಟ್ಟಿಯ ಕಥೆ ತೆಗೆದೆ. ಹೆಸರು ಹೇಳಲಿಲ್ಲ. ಬಸುರಿ ಸೊಸೆ, ಅತ್ತೆಯ ಕೈಗೆ ಚೀಟಿ, ಕುರಿ, ಗೊಟ್ಟ, ಉಗ್ರಪ್ಪನನ್ನು ಎತ್ತಿಕೊಂಡು ಬಂದದ್ದು. ಅಕ್ಕ ಮೊರ ಕೆಳಗಿಟ್ಟು ನಕ್ಕಳು. ಆಮೇಲೆ ಕೇಳಿದಳು, "ಆ ಹುಡುಗಿ ಮಗಾ?"

"ಚೆನ್ನಾಗೈತೆ. ಮೊನ್ನೆ ಆತು. ಟೈಮಿಗೆ ಇಂಜೆಕ್ಷನ್ ಸಿಕ್ತಲ್ಲ."

"ಸಿಗದಿದ್ರೆ?"

"ಎಂಟನೇ ತಿಂಗಳಾಗೆ ಹೊಟ್ಟೆಯಾಗೇ ಹೋಗ್ತಾವೆ ಕೆಲವು."

ಪೇಪರ್ ಅಲ್ಲಾಡುವುದು ನಿಂತಿತು. ಅಕ್ಕ ನನ್ನನ್ನು ನೋಡಿದಳು, ಭಾವನ ಪೇಪರ್ ನೋಡಿದಳು. ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದಳು.

"ಸೂಜಿ ತಂದೀಯೇನು?"

"ತಂದೀನಿ."

"ಹಂಗಾದ್ರೆ ನಮ್ಮ ಮಂದೇದೂ ಆಗ್ಲಿ. ನಂದು ತಗ. ಓಬವ್ವಂದು ತಗ. ನಿಂದು?"

"ನಂದು ಹಟ್ಟಿಯಾಗೇ ಆತು."

"ಇದೇನು ಮನೆನಾ, ಕುರಿದೊಡ್ಡಿನಾ?" ಅಂದರು ಭಾವ. ಸ್ಕೂಲಿನ ದನಿ. ಆದರೆ ಅರ್ಧಕ್ಕೇ ಒಡೆಯಿತು.

"ನಿಮ್ದು ಅವತ್ತೇ ಆಗೈತಲ್ಲ ಮೇಷ್ಟ್ರೇ" ಅಂದಳು ಅಕ್ಕ. "ಒಂದನೇ ನಂಬರು." ಕೈ ಚಾಚಿ ಮುಖ ಆ ಕಡೆ ತಿರುಗಿಸಿಕೊಂಡಳು. ಭಾವ ಎದ್ದು ಒಳಗೆ ಹೋದರು. ಅವಳ ನರ ಸಿಗಲು ಎರಡು ಸಲ ಚುಚ್ಚಬೇಕಾಯಿತು. ಸಾವಿರ ಜನಕ್ಕೆ ಚುಚ್ಚಿದ ಕೈ ಇದು.

3 ಸೆಪ್ಟೆಂಬರ್, ಶುಕ್ರವಾರ. ಲ್ಯಾಬ್

ಓಬವ್ವನದು ಸರಿಯಿದೆ. ಅಕ್ಕನದು ರಿಯಾಕ್ಟಿವ್.

ಹೇಳಿ ಕಳಿಸಿದ್ದೆ, ಮಧ್ಯಾಹ್ನವೇ ಬಂದಳು. ಡಾಕ್ಟರು ಒಳಗೆ ಕೂರಿಸಿಕೊಂಡು ಮಾತಾಡಿದರು, ಮೊದಲ ಇಂಜೆಕ್ಷನ್ ಹಾಕಿಸಿದರು. ವಾರಕ್ಕೊಂದರಂತೆ ಮೂರು. ಆಮೇಲೆ ನನ್ನನ್ನು ಕರೆದರು.

"ತವರಿಗೆ ಹೋಗಿದ್ದಾರೆ ಅಂದಿದ್ದಿರಿ."

"ತವರು ನಮ್ಮನೇನೇ ಮೇಡಂ. ನಮ್ಮಕ್ಕ."

ರಿಜಿಸ್ಟರ್ ಮುಚ್ಚಿದರು. "ಗುಟ್ಟು ಕಾಯಿರಿ ಅಂದೆ ಸಣ್ಣಪ್ಪ. ಸುಳ್ಳು ಹೇಳಿ ಅಂತ ಯಾವತ್ತು ಹೇಳಿದ್ದೆ? ಆವತ್ತೇ ನನಗೆ ಹೇಳಿದ್ದರೆ ನಿಮ್ಮ ಭಾವನ್ನ ಕರೆಸಿ ನಾನೇ ಕೂರಿಸಿಕೊಂಡು ಮಾತಾಡುತ್ತಿದ್ದೆ."

ಅದು ನನಗೆ ಹೊಳೆದೇ ಇರಲಿಲ್ಲ. ಎಲ್ಲರಿಗೂ ಒಬ್ಬ ಮೂರನೆಯವರು ಬೇಕು ಅಂತ ಪೆನ್ಸಿಲ್‌ನಲ್ಲಿ ಇನ್ನೂರು ಸಲ ಬರೆದವನಿಗೆ.

ಮಗು ಉಳಿಯುತ್ತದಾ ಅಂತ ಕೇಳಿದೆ. "ಇನ್ನೂ ಟೈಮಿದೆ. ಉಳಿಯಬಹುದು. ಜುಲೈನಲ್ಲೇ ಆಗಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ."

17 ಸೆಪ್ಟೆಂಬರ್, ಶುಕ್ರವಾರ

ಮೂರನೆಯ ಇಂಜೆಕ್ಷನ್ ಆಯಿತು. ಮೂರಕ್ಕೂ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದಳು. ಭಾವ ಮನೆಯಲ್ಲಿ ತಲೆ ಎತ್ತುತ್ತಿಲ್ಲವಂತೆ. ಹೇಳಿದರಂತೆ, ಕೊನೆಗೆ. ಮೊದಲನೆಯ ಇಂಜೆಕ್ಷನ್ ಆದ ದಿನ ಓಬವ್ವ ಆಡಲು ಹೋದಾಗ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲವಂತೆ. "ನಿಲ್ಲಿಸಿದ್ರೆ ಕೈ ಏನು ಮಾಡ್ತಿತ್ತೋ" ಅಂದಳು.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತಿದ್ದೆವು. ಅವಳಿಗೆ ಎಳನೀರು ಕೊಡಿಸಿದೆ. ಕುಡಿದು ಬುರುಡೆ ಪಕ್ಕಕ್ಕಿಟ್ಟು ಕೇಳಿದಳು.

"ಅವರದ್ದು ನಿನಗೆ ಯಾವತ್ತು ಗೊತ್ತಾತು ಸಣ್ಣ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಜುಲೈ ಇಪ್ಪತ್ತು. ಮಂಗಳವಾರ."

ಬೆರಳು ಮಡಿಚಿ ಎಣಿಸಿದಳು. ನನಗೆ ಎಣಿಸಬೇಕಾಗಿರಲಿಲ್ಲ. ಅವಳ ರಕ್ತ ತೆಗೆದ ದಿನಕ್ಕೆ ನಲವತ್ತಮೂರು.

"ಆ ವಾರಾನೇ ಇದು ಮೊದ್ಲನೇ ಸಲ ಒದ್ದಿದ್ದು. ಯಾರಿಗೂ ಹೇಳಿರ್ಲಿಲ್ಲ, ದೃಷ್ಟಿ ಆಗ್ತೈತೆ ಅಂತ. ಅಮಾಸೆ ದಿನ ನೀನು ಬಂದಾಗ ನಿನಗೆ ಹೇಳ್ಬೇಕು ಅಂತಿದ್ದೆ. ನೀನು ಮುಖ ಕೊಟ್ಟು ಮಾತಾಡ್ಲೇ ಇಲ್ಲ, ಓಡ್ದೆ."

"ತಪ್ಪಾತು ಅಕ್ಕ."

"ಅವರು ಹೇಳ್ಲಿಲ್ಲ. ಅವರಿಗೆ ಹೆದ್ರಿಕೆ, ನಾಚಿಕೆ. ಇರ್ಲಿ, ಅದು ನಮ್ಮಿಬ್ಬರದು, ನಾನು ನೋಡ್ಕತೀನಿ. ನಿನಗೇನಾಗಿತ್ತೋ? ನಿನಗೆ ಯಾತರ ನಾಚಿಕೆ?"

ರೂಲ್ಸು ಅಂದೆ. ಭಾವ ಅಂದೆ. ಅವರು ನನಗೆ ಮಾಡಿದ್ದು ಅಂದೆ. ಒಂದೂ ನಿಲ್ಲಲಿಲ್ಲ. ಅವಳು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವಳು.

ಬಸ್ ಬಂದಾಗ ಸೆರಗು ಸರಿಮಾಡಿಕೊಂಡು ಹೇಳಿದಳು. "ಇನ್ನು ಮ್ಯಾಲೆ ಒಳ್ಳೇದೋ ಕೆಟ್ಟದ್ದೋ, ನನ್ನ ಹೊಟ್ಟೆ ಸುದ್ದಿ ಮೊದ್ಲು ನನಗೆ ಗೊತ್ತಾಗ್ಬೇಕು. ನಿಮ್ಮ ಭಾವಂಗಲ್ಲ, ಅವ್ವಂಗಲ್ಲ, ನಿನಗೂ ಅಲ್ಲ. ತಿಳೀತಾ?"

ತಿಳಿಯಿತು ಅಂದೆ.

23 ಸೆಪ್ಟೆಂಬರ್, ಗುರುವಾರ

ಸರ್ವೆಯ ರಿಪೋರ್ಟ್ ಟೈಪ್ ಆಗುತ್ತಿದೆ. ಡಾಕ್ಟರು ನನ್ನ ಪೆನ್ಸಿಲ್ ಕಾಲಂ ಕೇಳಿ ತೆಗೆದುಕೊಂಡರು. 'ಯಾರ ಮೂಲಕ' ಅಂತ ಬೇರೆ ಪಟ್ಟಿ ಮಾಡುತ್ತಾರಂತೆ. ಹಟ್ಟಿಗೆ ಹೊಸದೊಂದು ಚೌಕ. ಒಂದು ತಿಂಗಳ ಹಿಂದೆ ಆಗಿದ್ದರೆ ಕುಣಿದಾಡುತ್ತಿದ್ದೆ.

ಅಕ್ಕನಿಗೆ ನಿನ್ನೆ ಎಂಟನೇ ತಿಂಗಳು ಬಿತ್ತು.

28 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 10.20

ಹೆರಿಗೆ ವಾರ್ಡಿನ ಹೊರಗಿನ ಬೆಂಚು. ಕೋಟಿನ ಜೇಬಿನಲ್ಲಿ ಈ ಪುಸ್ತಕವಿತ್ತು. ಕೈಗೆ ಏನಾದರೂ ಕೆಲಸ ಬೇಕು, ಬರೆಯುತ್ತಿದ್ದೇನೆ.

ಮೊದಲ ಬಸ್ಸಿಗೆ ಬಂದರು, ಇಬ್ಬರೂ. ನಿನ್ನೆ ಮಧ್ಯಾಹ್ನದಿಂದ ಮಗು ಅಲ್ಲಾಡಿಲ್ಲವಂತೆ. ಅಥವಾ ಒಂದು ಸಲ ಅಲ್ಲಾಡಿದ ಹಾಗಾಯಿತು, ಖಾತ್ರಿಯಿಲ್ಲ ಅಂದಳು ಅಕ್ಕ. ಮುಖ ಬೂದಿಯಾಗಿತ್ತು. ಒಳಗೆ ಹೋಗುವಾಗ ಭಾವ ಅವಳ ಚೀಲ ಹಿಡಿದುಕೊಳ್ಳಲು ಕೈ ಚಾಚಿದರು. ಕೊಟ್ಟಳು.

ಭಾವ ಬೆಂಚಿನ ಆ ತುದಿಯಲ್ಲಿ, ಚೀಲ ತೊಡೆಯ ಮೇಲೆ.  ಪರದೆಯ ಕೆಳಗೆ ಡಾಕ್ಟರ ಚಪ್ಪಲಿ ಕಾಣುತ್ತಿದೆ. ಹೊಟ್ಟೆಯ ಮೇಲಿಟ್ಟು ಕಿವಿಗೊಡುವ ಮರದ ಕೊಳವೆ ತೆಗೆದುಕೊಂಡು ಹೋದರು. ಚಪ್ಪಲಿ ಒಂದು ಕಡೆ ನಿಂತಿತು. ಜಾಗ ಬದಲಿಸಿತು. ಮತ್ತೆ ನಿಂತಿತು. ಒಳಗೆ ಯಾರದೂ ಸದ್ದಿಲ್ಲ.

10.35

ಪರದೆ ಸರಿಯಿತು. ಡಾಕ್ಟರು. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ನನಗೆ ಕೈಸನ್ನೆ ಮಾಡುತ್ತಿದ್ದಾರೆ — ನೀವೊಬ್ಬರೇ ಈ ಕಡೆ ಬನ್ನಿ ಅಂತ. ಭಾವ ಎದ್ದು ನಿಂತರು. ನಾನು ಹೋಗಿ ಮೊದಲು ಹೇಳಬೇಕಾದದ್ದು ಇಷ್ಟು — ನನಗೆ ಬೇಡ ಮೇಡಂ, ಏನೇ ಇರಲಿ, ಒಳಗೆ ಬನ್ನಿ, ಮೊದಲು ಅಕ್ಕನಿಗೆ ಹೇಳಿ.